ಹನ್ನೆರಡು ರೂಪಾಯಿಯ ಸಾಮಾನು

ಮೂರು ಸಾವಿರದ ಇನ್ನೂರು ರೂಪಾಯಿ ಕೊಟ್ಟು ತಂದ ಸಾಮಾನನ್ನು ಅಣ್ಣ ಮುನ್ನೂರ ಹತ್ತು ರೂಪಾಯಿಗೆ ಕೋಲಾರದ ಗುಜರಿಯವನಿಗೆ ಹಾಕಿ ಬಂದಿದ್ದ. ಅದೂ ಎಂಥ ಸಾಮಾನು! ಕಲಾಯಿ ಹಾಕಿದ ತಾಮ್ರದ ಹಂಡೆ, ಬೆತ್ತದ ಬುಟ್ಟಿಯೊಳಗೆ ಕೂತ ಎರಡು ದೊಡ್ಡ ಗಾಜಿನ ಜಾಡಿ, ಶಾಖ ನೋಡುವ ಥರ್ಮಾಮೀಟರು, ರಬ್ಬರ್ ಕೊಳವೆ, ಬಾಟಲಿಗೆ ಮುಚ್ಚಳ ಒತ್ತುವ ಕೈಯಂತ್ರ. ತಾಮ್ರಕ್ಕೆ ತೂಕ ಹಾಕಿದ್ದನಂತೆ, ಯಂತ್ರಕ್ಕೆ ಕಬ್ಬಿಣದ ದರ ಕಟ್ಟಿದ್ದನಂತೆ, ಜಾಡಿಗಳನ್ನು ಬಿಟ್ಟಿಯಾಗಿ ಎತ್ತಿಟ್ಟುಕೊಂಡನಂತೆ. ಇದನ್ನು ಕೇಳಿದ ದಿನ ಕದಿರೇಶ ಊಟ ಮಾಡಲಿಲ್ಲ. ಅಣ್ಣನನ್ನು ಕೊಲ್ಲಬೇಕು ಎಂಬ ಯೋಚನೆ ಆವತ್ತೇ ಬಂತೆಂದರೆ ಸುಳ್ಳು. ಅದು ಬಂದದ್ದು ಮಾರನೆಯ ದಿನ ಬೆಳಿಗ್ಗೆ, ಹಲ್ಲುಜ್ಜುವಾಗ.

ಹತ್ತು ವರ್ಷದವನಿದ್ದಾಗಲೇ ಕದಿರೇಶ ಹೋಳೂರು ಬಿಟ್ಟು ಕೆ.ಜಿ.ಎಫ್.ನ ಸೋದರಮಾವನ ಮನೆ ಸೇರಿದ್ದ. ಆಮೇಲೆ ಗಣಿಯ ಒಬ್ಬ ಮುದಿ ಫೋರ್‌ಮನ್ನನ ಬಂಗಲೆಯಲ್ಲಿ ಅಡಿಗೆಗೆ ನಿಂತ. ಆ ಮುದುಕ ಮನೆಯ ಹಿಂದಿನ ಕೋಣೆಯಲ್ಲಿ ತಾನೇ ಬಿಯರು ಮಾಡಿಕೊಳ್ಳುತ್ತಿದ್ದ. ಹದಿನಾಲ್ಕು ವರ್ಷ ಪಕ್ಕದಲ್ಲಿ ನಿಂತು ಕದಿರೇಶ ಆ ವಿದ್ಯೆಯನ್ನು ಕಲಿತ. ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ ಮುದುಕ ಮಗಳಿದ್ದ ದೇಶಕ್ಕೆ ಹೊರಟು ನಿಂತಾಗ, ಹೆಂಡತಿ ಆದಿಲಕ್ಷ್ಮಿಯ ಕೊರಳಿನ ಸರವನ್ನು ಮಾರ್ವಾಡಿಯ ಹತ್ತಿರ ಅಡವಿಟ್ಟು ಇಡೀ ಸಾಮಾನನ್ನು ಕೊಂಡು ಊರಿಗೆ ಬಂದ. ಮುಳಬಾಗಿಲಿನ ಹೈವೇಯಲ್ಲಿ ಲಾರಿಗಳು ನಿಲ್ಲುವ ಹೋಟೆಲುಗಳಿದ್ದವಲ್ಲ, ಅವುಗಳ ಪೈಕಿ ಮೂರರ ಜೊತೆ ಮಾತೂ ಆಡಿ ಇಟ್ಟಿದ್ದ. ವರ್ಷದೊಳಗೆ ಹೆಂಡತಿಯ ಸರ ಬಿಡಿಸಿ, ಅದಕ್ಕೊಂದು ಪದಕವನ್ನೂ ಸೇರಿಸುವುದಾಗಿ ಅವಳಿಗೆ ಹೇಳಿದ್ದ.

ಅಣ್ಣ ಕೋದಂಡರಾಮಪ್ಪನಿಗೆ ಬಿಯರು, ಸಾರಾಯಿ, ಹೆಂಡ ಎಲ್ಲ ಒಂದೇ. ಅಪ್ಪ ಕುಡಿದು ಕುಡಿದು ಯಲ್ದೂರಿನ ಮಾವಿನ ತೋಪನ್ನು ಕಳೆದವನು. ಉಳಿದ ನಾಲ್ಕು ಎಕರೆಯನ್ನು ಕಚ್ಚಿಹಿಡಿದು ಮನೆ ನಿಲ್ಲಿಸಿದವನು ಕೋದಂಡರಾಮಪ್ಪ. ಮಕ್ಕಳಿರಲಿಲ್ಲ. ತಮ್ಮನನ್ನೇ ಮಗನೆಂದುಕೊಂಡಿದ್ದ, ಮಗನನ್ನು ಬೈಯುವ ಹಾಗೆಯೇ ಬೈಯುತ್ತಿದ್ದ. ಗುಜರಿಯಿಂದ ಬಂದವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದ ಮಾತು ಇಷ್ಟೇ:

"ಆ ದುಡ್ಡು ನಿನ್ನ ಹೆಂಡ್ತಿ ಕೈಲಿ ಕೊಟ್ಟಿದ್ದೀನಿ. ಬಾಕಿ ರಾಗಿ ಮಾರಿ ಕೊಡ್ತೀನಿ, ಸರ ಬಿಡಿಸ್ಕೊ. ಈ ಮನೇಲಿ ಇನ್ನೊಬ್ಬ ಅಪ್ಪ ಬೇಡ ಕಣೋ."

ದೊಡ್ಡ ಧರ್ಮಾತ್ಮ, ಎಂದುಕೊಂಡ ಕದಿರೇಶ. ಮತ್ತೆ ಅಂಥ ಸಾಮಾನು ಕೊಳ್ಳಬೇಕಾದರೆ ಬೆಂಗಳೂರಿನಲ್ಲಿ ಐದು ಸಾವಿರಕ್ಕೆ ಕಡಿಮೆ ಇಲ್ಲ. ಒಂದು ಎಕರೆ ಮಾರಿದರೆ ಆಗುತ್ತಿತ್ತು. ಅಣ್ಣ ಇರುವ ತನಕ ಒಂದು ಬದುವೂ ಮಾರಾಟವಾಗುವುದಿಲ್ಲ. ಅತ್ತಿಗೆ ಅಂಜಮ್ಮ ಹೆಬ್ಬೆಟ್ಟು ಒತ್ತು ಎಂದ ಕಡೆ ಒತ್ತುವ ಹೆಂಗಸು. ಅಮ್ಮ ಮುನಿಯಲ್ಲಮ್ಮನಿಗೆ ಎಂಬತ್ತಾಗಿತ್ತು, ಜಗುಲಿಯ ಮೂಲೆಯಲ್ಲಿ ಕೂತು ಎಲೆ ಅಡಿಕೆ ಕುಟ್ಟುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಮಧ್ಯದಲ್ಲಿ ಇದ್ದದ್ದು ಅಣ್ಣ ಒಬ್ಬನೇ.

ಕತ್ತಿ, ಕೊಡಲಿ, ಇಲಿ ಪಾಷಾಣ, ಇವೆಲ್ಲ ದಡ್ಡರ ದಾರಿ. ಕದಿರೇಶನಿಗೆ ಬೇಕಾದದ್ದು ಊರೇ ನಂಬುವ ಸಾವು. ಅದು ಮನೆಯ ಹಿತ್ತಿಲಲ್ಲೇ ಇತ್ತು. ಆ ಸೀಮೆಯಲ್ಲಿ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ಹಗೇವೆಂದರೆ ಗಟ್ಟಿ ನೆಲದೊಳಗೆ ಹೂಜಿಯ ಹಾಗೆ ಕೊರೆದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಎರಡಾಳು ಆಳ. ಕೆಲವು ವರ್ಷಕ್ಕೊಮ್ಮೆ ಯಾವುದೋ ಊರಿನಲ್ಲಿ ಹಗೇವಿಗೆ ಇಳಿದವನು ಮೇಲೆ ಬರುತ್ತಲೇ ಇರಲಿಲ್ಲ. ಹೋಳೂರಿನಲ್ಲೇ ಇಬ್ಬರು ಹಾಗೆ ಸತ್ತಿದ್ದರು. ಹಗೇವು ನುಂಗಿತು ಎನ್ನುತ್ತಿದ್ದರು ಜನ. ದೆವ್ವ ಎನ್ನುವವರೂ ಇದ್ದರು. ಕದಿರೇಶ ಒಳಗೊಳಗೇ ನಗುತ್ತಿದ್ದ. ಅದು ಕೆಟ್ಟ ಗಾಳಿ ಎಂದು ಅವನಿಗೆ ಫೋರ್‌ಮನ್ನು ಹೇಳಿಕೊಟ್ಟಿದ್ದ. ಬಿಯರು ಹುಳಿಯುವಾಗ ಅದೇ ಗಾಳಿ ಏಳುತ್ತದೆ; ಅದು ನೀರಿನ ಹಾಗೆ ತಗ್ಗಿನಲ್ಲಿ ನಿಲ್ಲುತ್ತದೆ, ದೀಪವನ್ನು ಆರಿಸುತ್ತದೆ, ಮನುಷ್ಯನನ್ನೂ ಆರಿಸುತ್ತದೆ. ಇಡೀ ಹೋಳೂರಿನಲ್ಲಿ ಇದು ತಿಳಿದವನು ತಾನೊಬ್ಬನೇ ಎಂದು ಅವನಿಗೆ ಹೆಮ್ಮೆ.

ಅವರ ಮನೆಗೆ ಎರಡು ಹಗೇವು. ಮುಂದಿನ ಅಂಗಳದ್ದರಲ್ಲಿ ರಾಗಿ ಇತ್ತು. ಹಿತ್ತಿಲಿನದು ಹನ್ನೆರಡು ವರ್ಷದಿಂದ ಖಾಲಿ. ಬಾಯಿಗೆ ಒಂದು ಮುರುಕು ಬುಟ್ಟಿ ಕವುಚಿದ್ದರು, ಕೇರಿಯ ಮಕ್ಕಳು ಅದನ್ನು ಸರಿಸಿ ಒಳಗಿಳಿದು ಕಣ್ಣಾಮುಚ್ಚಾಲೆ ಆಡುತ್ತಿದ್ದವು. ಕದಿರೇಶ ಹಿತ್ತಿಲಿನದನ್ನೇ ಆರಿಸಿದ. ಮುಂದಿನದಕ್ಕೆ ಹತ್ತು ಕಣ್ಣು, ಹಿಂದಿನದರ ಕಡೆ ನೋಡುವವರಿಲ್ಲ.

ಒಂದೇ ಒಂದು ತೊಡಕಿತ್ತು. ಅಣ್ಣ ಎಚ್ಚರದ ಮನುಷ್ಯ. ಅಂಗಳದ ಹಗೇವು ತೆಗೆಯುವಾಗ ಒಂದು ದಿನ ಮೊದಲೇ ಬಾಯಿ ತೆರೆದು ಬಿಡುತ್ತಿದ್ದ. ಮಾರನೆಯ ದಿನ ಲಾಟೀನು ಹಚ್ಚಿ, ಹಗ್ಗಕ್ಕೆ ಕಟ್ಟಿ ಕೆಳಗಿಳಿಸಿ, ಅದು ಉರಿಯುತ್ತಿದ್ದರೆ ಮಾತ್ರ ತಾನಿಳಿಯುತ್ತಿದ್ದ. ಮೂವತ್ತು ವರ್ಷದಿಂದ ಒಂದು ಸಲವೂ ತಪ್ಪಿಸಿರಲಿಲ್ಲ. ಆ ಲಾಟೀನನ್ನು ಅಣ್ಣನ ಕೈಯಿಂದ ಬಿಡಿಸಬೇಕಾಗಿತ್ತು. ದೀಪಾವಳಿಗೆ ಕದಿರೇಶ ಕೋಲಾರದಿಂದ ಮೂರು ಸೆಲ್ಲಿನ ಟಾರ್ಚು ತಂದು ಅಣ್ಣನ ಕೈಗಿಟ್ಟ. ಬೆಲೆ ಇಪ್ಪತ್ತಾರು ರೂಪಾಯಿ. ಅಣ್ಣನಿಗೆ ಎಷ್ಟು ಖುಷಿಯಾಯಿತೆಂದರೆ ಹಗಲಲ್ಲೂ ದನದ ಕೊಟ್ಟಿಗೆಗೆ ಅದನ್ನು ಹಿಡಿದೇ ಹೋಗುತ್ತಿದ್ದ. ಟಾರ್ಚಿನ ದೀಪಕ್ಕೆ ಗಾಳಿಯ ಹಂಗಿಲ್ಲ, ಒಳ್ಳೆಯ ಗಾಳಿಯಲ್ಲೂ ಉರಿಯುತ್ತದೆ, ಕೆಟ್ಟ ಗಾಳಿಯಲ್ಲೂ ಉರಿಯುತ್ತದೆ. ಸಂಕ್ರಾಂತಿಯ ಹೊತ್ತಿಗೆ ಲಾಟೀನಿನ ಬುರುಡೆ ಕದಿರೇಶನ ಕೈಜಾರಿ ಒಡೆಯಿತು. ಹೊಸದು ತರಬೇಕು ಎಂದು ಯಾರಿಗೂ ಅನ್ನಿಸಲಿಲ್ಲ.

ಇನ್ನು ಗಾಳಿ. ಬಿಯರು ಮಾಡುವುದಕ್ಕೆ ಮೂರು ಸಾವಿರದ ಸಾಮಾನು ಬೇಕು, ಏಕೆಂದರೆ ಅದನ್ನು ಕುಡಿಯಬೇಕು. ಕುಡಿಯುವ ಗೋಜಿಲ್ಲದಿದ್ದರೆ ಎಷ್ಟು ಅಗ್ಗ! ಕುಂಬಾರರ ಕೇರಿಯ ಎರಡು ಗುಡಾಣ, ಒಂದಿಷ್ಟು ಕಪ್ಪು ಬೆಲ್ಲ, ಮನೆಯದೇ ಮೊಳಕೆ ರಾಗಿ, ಹುಳಿ ಬರಿಸಲು ಹೆಂಡದ ತಳದಲ್ಲಿ ಉಳಿಯುವ ಗಷ್ಟು ಒಂದು ಚೊಂಬು. ಎಲ್ಲ ಸೇರಿ ಹನ್ನೆರಡು ರೂಪಾಯಿ. ಅಣ್ಣ ಹೊಲಕ್ಕೂ ಅತ್ತಿಗೆ ಬಾವಿಗೂ ಹೋದ ಹೊತ್ತು ನೋಡಿ ಗುಡಾಣಗಳನ್ನು ಹಗ್ಗದ ನೆಲುವಿನಲ್ಲಿಟ್ಟು ಒಳಗಿಳಿಸಿದ. ಬಾಯಿಗೆ ಬುಟ್ಟಿಯ ಬದಲು ಚಪ್ಪಡಿ ಎಳೆದು ಸಂದಿಗೆ ಮಣ್ಣು ಮೆತ್ತಿದ. ಒಳಗೆ ಹಾವು ಸೇರಿಕೊಂಡಿದೆ ಎಂದು ಹೇಳಿ ಮಕ್ಕಳನ್ನು ಓಡಿಸಿದ. ಚಪ್ಪಡಿಗೆ ಕಿವಿಯಿಟ್ಟರೆ ಒಳಗೆ ಬುಳಬುಳ ಸದ್ದು ಕೇಳಿಸುತ್ತಿತ್ತು. ಹಾಳಾಗಿ ಹೋದ ತನ್ನ ಬಿಯರಿನ ನೆನಪಾಗಿ ಒಂದೊಂದು ಸಲ ಅವನ ಹೊಟ್ಟೆ ಉರಿಯುತ್ತಿತ್ತು.

ಹತ್ತನೆಯ ದಿನ ಅಣ್ಣನ ಹತ್ತಿರ ಮಾತು ತೆಗೆದ. ಈ ಸಲ ರಾಗಿ ಚೆನ್ನಾಗಿ ಬಂದಿದೆ, ಮುಂದಿನ ಹಗೇವು ಸಾಲುವುದಿಲ್ಲ. ಹಿತ್ತಿಲಿನದಕ್ಕೆ ಒಳಗೋಡೆ ಸಗಣಿ ಸಾರಿಸಿ ಹುಲ್ಲು ಹೊದಿಸಿದರೆ ಹತ್ತು ಮೂಟೆ ಹಿಡಿಸುತ್ತದಲ್ಲ ಎಂದ. ಕೋದಂಡರಾಮಪ್ಪ ತಮ್ಮನ ಮುಖವನ್ನೇ ನೋಡಿದ. ಈ ಬಾಯಿಂದ ರಾಗಿಯ ಮಾತು ಬಂದದ್ದು ಅದೇ ಮೊದಲು.

"ಈಗ ಬುದ್ಧಿ ಬಂತು ಕಣೋ ನಿಂಗೆ," ಎಂದ. "ನಾಳೆ ಬೆಳಿಗ್ಗೆ ಇಳಿದು ನೋಡ್ತೀನಿ. ನಂದಾದ್ಮೇಲೆ ಇದೆಲ್ಲ ನಿಂದೇ ಅಲ್ವಾ."

ಅಷ್ಟು ಸಾಕಾಗಿತ್ತು. ಆ ಮಧ್ಯಾಹ್ನ ಅಣ್ಣ ಸಂತೆಗೆ ಹೋದಾಗ ಕದಿರೇಶ ಚಪ್ಪಡಿಯನ್ನು ಸರಿಸಿ, ಗಾಳಿ ಕದಲದ ಹಾಗೆ, ಹಾಲಿನ ಪಾತ್ರೆ ಎತ್ತುವಷ್ಟು ನಿಧಾನವಾಗಿ ಗುಡಾಣಗಳನ್ನು ಮೇಲಕ್ಕೆಳೆದ. ರೊಚ್ಚನ್ನು ತಿಪ್ಪೆಯ ಆಳದಲ್ಲಿ ಸುರಿದು ಮೇಲೆ ಗೊಬ್ಬರ ಎಳೆದ. ಗುಡಾಣಗಳನ್ನು ಪುಡಿ ಮಾಡಿ ಕೆರೆಗೆ ಹಾಕಿದ. ಕೊನೆಗೆ ಅಡಿಗೆಮನೆಯ ಬುಡ್ಡಿ ದೀಪವನ್ನು ದಾರಕ್ಕೆ ಕಟ್ಟಿ ಹಗೇವಿಗೆ ಇಳಿಸಿ ನೋಡಿದ. ಎರಡು ಮೊಳ ಹೋಗುವಷ್ಟರಲ್ಲಿ ಆರಿತು. ಮತ್ತೆ ಹಚ್ಚಿ ಇಳಿಸಿದ, ಮತ್ತೆ ಆರಿತು. ಚಪ್ಪಡಿ ಎಳೆದು ಕೈ ತೊಳೆದುಕೊಂಡ. ಈಗ ಒಳಗೆ ಗುಡಾಣವಿಲ್ಲ, ಬೆಲ್ಲವಿಲ್ಲ, ವಿಷವಿಲ್ಲ. ಯಾವ ಪೊಲೀಸಿನವನು ಬಂದು ಇಣುಕಿದರೂ ಸಿಗುವುದು ಬರೀ ಖಾಲಿ ಹಗೇವು.

ಬೆಳಿಗ್ಗೆ ಅಣ್ಣ ಅಂಬಲಿ ಕುಡಿದು ಪಂಚೆ ಎತ್ತಿ ಕಟ್ಟಿ ಬಂದ. ಕದಿರೇಶ ಚಪ್ಪಡಿಯನ್ನು ಆಗಷ್ಟೇ ಸರಿಸಿದ್ದ. ಲಾಟೀನು ಎಲ್ಲಿ ಎಂದು ಅಣ್ಣ ಕೇಳಿದರೆ ಹೇಳಬೇಕಾದ ಮಾತನ್ನು ನಾಲ್ಕು ದಿನದಿಂದ ಬಾಯಿಪಾಠ ಮಾಡಿಕೊಂಡಿದ್ದ. ಅಣ್ಣ ಕೇಳಲೇ ಇಲ್ಲ. ಕೊಡಪ್ಪ ಎಂದು ಟಾರ್ಚು ಈಸಿಕೊಂಡು, ಗೋಡೆಯಲ್ಲಿ ಕೊರೆದಿದ್ದ ಗೂಡುಗಳಿಗೆ ಕಾಲು ಕೊಡುತ್ತಾ ಸರಸರ ಇಳಿದುಬಿಟ್ಟ. ಮೂವತ್ತು ವರ್ಷದ ಅಭ್ಯಾಸವನ್ನು ಇಪ್ಪತ್ತಾರು ರೂಪಾಯಿಯ ಟಾರ್ಚು ಮರೆಸಿತಲ್ಲ ಎಂದು ಕದಿರೇಶನಿಗೆ ತನ್ನ ಮೇಲೆ ತನಗೇ ಮೆಚ್ಚುಗೆಯಾಯಿತು.

ಒಳಗಿನಿಂದ ಒಂದು ಕೆಮ್ಮು ಕೇಳಿತು. ಆಮೇಲೆ "ಲೇ ಕದಿರಾ" ಎಂದು ಕರೆದ ಹಾಗಾಯಿತು. ಧಪ್ಪೆಂದು ಬಿದ್ದ ಸದ್ದಾದ ಮೇಲೆ ಏನೂ ಇಲ್ಲ. ಕದಿರೇಶ ಬಗ್ಗಿ ನೋಡಲಿಲ್ಲ. ಎದುರಿನ ಹುಣಿಸೆ ಮರವನ್ನು ನೋಡುತ್ತಾ ಒಂದರಿಂದ ಐನೂರರವರೆಗೆ ಎಣಿಸಿದ. ಆ ಕರೆದ ದನಿ ಕಿವಿಯಿಂದ ಹೋಗಲಿಲ್ಲ, ಅದನ್ನು ಮುಚ್ಚಲೆಂದೇ ಜೋರಾಗಿ ಎಣಿಸಿದ. ಆಮೇಲೆ ಬಾಯಿ ಬಡಿದುಕೊಂಡು ಊರು ಕೂಡಿಸಿದ.

ಮುಂದಿನದೆಲ್ಲ ಅವನು ಅಂದುಕೊಂಡ ಹಾಗೆಯೇ ನಡೆಯಿತು. ಇಬ್ಬರು ಇಳಿಯಲು ಹೋದರು. ಕದಿರೇಶ ಅವರ ಕಾಲು ಹಿಡಿದು ತಡೆದ. ಇವನಿಲ್ಲದಿದ್ದರೆ ಇನ್ನೆರಡು ಹೆಣ ಬೀಳುತ್ತಿತ್ತು ಎಂದು ಜನ ಮಾತಾಡಿಕೊಂಡರು. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ಹಾಕಿ ಅಣ್ಣನನ್ನು ಮೇಲಕ್ಕೆಳೆದಾಗ ಕೆಳಗೆ ಟಾರ್ಚು ಇನ್ನೂ ಉರಿಯುತ್ತಿತ್ತು. ಅಂಜಮ್ಮ ಎಚ್ಚರ ತಪ್ಪಿದಳು. ಅಮ್ಮ ಮಾತ್ರ ಅಳಲಿಲ್ಲ, ಹಗೇವಿನ ಬಾಯಿಯ ಹತ್ತಿರ ಕೂತು ಅದನ್ನೇ ನೋಡುತ್ತಿದ್ದಳು. ಊರಿನ ಹಿರಿಯರು ಹುಣಿಸೆ ಮರದಡಿ ನಿಂತು ಗುಸುಗುಸು ಅನ್ನುತ್ತಿದ್ದರು. ದೆವ್ವದ ಮಾತಿರಬೇಕು ಎಂದುಕೊಂಡ ಕದಿರೇಶ.

ಮಧ್ಯಾಹ್ನಕ್ಕೆ ಸಬ್‌ಇನ್‌ಸ್ಪೆಕ್ಟರ್ ಬಂದ. ಮುಳಬಾಗಿಲಿನ ಪುರೋಹಿತರ ಮನೆಯ ಹುಡುಗ, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಹಗೇವನ್ನು ಕಂಡದ್ದೇ ಆವತ್ತು. ಕದಿರೇಶ ಟಾರ್ಚಿನ ಕತೆ ಹೇಳಿದ, ಲಾಟೀನಿನ ಬುರುಡೆ ಒಡೆದದ್ದನ್ನೂ ತಾನಾಗಿಯೇ ಹೇಳಿ ಹಣೆ ಚಚ್ಚಿಕೊಂಡ. ಹುಡುಗ ಅಯ್ಯೋ ಪಾಪ ಎನ್ನುತ್ತಾ ಮಹಜರು ಬರೆದ. ಆಕಸ್ಮಿಕ ಎಂಬ ಪದವನ್ನು ಬರೆದದ್ದನ್ನು ಕದಿರೇಶ ಕಣ್ಣಾರೆ ಕಂಡ. ಸಹಿ ಹಾಕುವುದೊಂದು ಬಾಕಿ ಇತ್ತು. ಕಾಲಮ್ಮು ತುಂಬಬೇಕಲ್ಲ ಎಂದು ಹುಡುಗ ತಲೆಯೆತ್ತದೆಯೇ ಕೇಳಿದ:

"ಒಳಗೆ ಎಷ್ಟು ಮೂಟೆ ರಾಗಿ ಇತ್ತು?"

"ಖಾಲಿ ಸಾರ್," ಎಂದ ಕದಿರೇಶ, ಸ್ವಲ್ಪವೂ ತಡವರಿಸದೆ. "ಹನ್ನೆರಡು ವರ್ಷದಿಂದ ಒಂದು ಕಾಳೂ ಇಟ್ಟಿಲ್ಲ. ನೀವೇ ಬೇಕಾದ್ರೆ ನೋಡಿ."

ಹುಣಿಸೆ ಮರದಡಿಯ ಗುಸುಗುಸು ನಿಂತಿತು. ಹುಡುಗ ಸೊನ್ನೆ ಬರೆದು ಸಹಿಗೆ ಕೈ ಇಳಿಸುವಷ್ಟರಲ್ಲಿ ಮುನಿಯಲ್ಲಮ್ಮ ಕೋಲೂರಿಕೊಂಡು ಎದ್ದು ನಿಂತಳು. "ಸ್ವಾಮೀ, ನೀವು ಪೇಟೆಯವರು, ನಿಮಗೆ ಗೊತ್ತಾಗಲ್ಲ. ಇವನೂ ಊರಲ್ಲಿ ಬೆಳೆದವನಲ್ಲ," ಎಂದಳು. "ಕೊಲ್ಲೋದು ಹಗೇವಲ್ಲ, ಅದರೊಳಗಿನ ಕಾಳು. ಮುಚ್ಚಿಟ್ಟ ಕಾಳು ಬೆವರುತ್ತೆ, ಬಿಸಿಯಾಗುತ್ತೆ, ಅದರ ಉಸಿರು ಅಲ್ಲೇ ಕಟ್ಕೊಳ್ಳುತ್ತೆ. ಖಾಲಿ ಹಗೇವಲ್ಲಿ ಏನಿರುತ್ತೆ? ಕೇರಿ ಮಕ್ಕಳೆಲ್ಲ ಅದರಲ್ಲಿ ಆಡ್ಕೊಂಡೇ ಬೆಳೆದವು. ಅದಕ್ಕೇ ನನ್ನ ದೊಡ್ಡ ಮಗ ಲಾಟೀನು ಕೇಳಲಿಲ್ಲ." ಲೇಖನಿ ಕಾಗದದ ಮೇಲೆ ಹಾಗೇ ನಿಂತಿತು. ಹಿತ್ತಿಲಲ್ಲಿದ್ದ ಒಬ್ಬೊಬ್ಬರೂ, ಇಳಿಯದಂತೆ ಅವನು ಕಾಲು ಹಿಡಿದು ತಡೆದಿದ್ದ ಆ ಇಬ್ಬರೂ, ಕದಿರೇಶನ ಕಡೆ ತಿರುಗಿದರು. ಮುದುಕಿ ಅವನ ಹತ್ತಿರ ಬಂದು, ಚಿಕ್ಕ ಮಗುವನ್ನು ಕೇಳುವ ಹಾಗೆ, ಮೆಲ್ಲನೆ ಕೇಳಿದಳು: "ಅದರೊಳಗೆ ಏನಿಟ್ಟಿದ್ದೆ, ನಾಯನಾ?"