ಕಾಲು ತೊಳೆದು ಹೋದ ಕಳ್ಳ

ಗುರುವಾರ, ಹದಿನಾಲ್ಕನೇ ತಾರೀಖು, ಸಂಜೆ ನಾಲ್ಕೂ ಇಪ್ಪತ್ತಕ್ಕೆ ಠಾಣೆಗೆ ಬಂದ ದೂರಿನಲ್ಲಿ ಕಳುವಾದ ಮಾಲಿನ ವಿವರ ಒಂದೇ ಸಾಲಿನಲ್ಲಿತ್ತು: ಗಾಜಿನ ಸಣ್ಣ ಸೀಸೆಗಳು, ಹನ್ನೆರಡು. ಅವುಗಳಲ್ಲಿ ಏನಿತ್ತೆಂದು ದೂರುದಾರರು ಬರೆದಿರಲಿಲ್ಲ. ಇನ್‌ಸ್ಪೆಕ್ಟರ್ ಮೇಡಂ ಹಾಲು ಕೊಟ್ಟರೂ ಅದರಲ್ಲಿ ನೀರೆಷ್ಟು ಎಂದು ನೋಡುವವರು. ಪೆನ್ನು ಕೆಳಗಿಟ್ಟರು.

"ಸೀಸೆಯಲ್ಲಿ ಏನಿತ್ತು?"

"ನೆನಪಿನ ವಸ್ತು."

"ನೀರಿನ ಥರದ್ದಾ, ಪುಡಿಯಾ?"

"ಪುಡಿ ಅಂತಲೇ ಇಟ್ಕೊಳ್ಳಿ."

ಬರೆದುಕೊಳ್ಳುತ್ತಿದ್ದ ದಫೇದಾರರು ತಲೆ ಎತ್ತಿ ದೂರುದಾರರನ್ನು ಇನ್ನೊಮ್ಮೆ ನೋಡಿದರು.

ದೂರುದಾರರು ನಿವೃತ್ತ ಎಂಜಿನಿಯರ್. ಹೆಂಡತಿಯೊಡನೆ ವರ್ಷಕ್ಕೊಂದರಂತೆ ಜಗತ್ತಿನ ವೈನ್ ಸೀಮೆಗಳನ್ನು ಸುತ್ತಿದವರು. ದೇಶ ಸುತ್ತು, ಕೋಶ ಓದು ಎನ್ನುತ್ತಾರಲ್ಲ, ಇವರು ಕೋಶವನ್ನು ಬಿಟ್ಟು ಅದರ ಜಾಗದಲ್ಲಿ ಒಂದು ಲೋಟ ವೈನ್ ಇಟ್ಟುಕೊಂಡಿದ್ದರು. ಹನ್ನೊಂದು ಸೀಮೆ ಮುಗಿದ ಮೇಲೆ ಹೆಂಡತಿ ತೀರಿಕೊಂಡರು. ಹನ್ನೆರಡನೆಯದಕ್ಕೆ ಇವರೊಬ್ಬರೇ ಹೋಗಿ ಹತ್ತು ದಿನದ ಹಿಂದಷ್ಟೇ ಮರಳಿದ್ದರು.

ಎಫ್‌ಐಆರ್ ದಾಖಲಾಯಿತು. ಐದೂವರೆಗೆ ಪಕ್ಕದ ಮನೆಯ ಇಬ್ಬರನ್ನು ಪಂಚರನ್ನಾಗಿ ಕರೆದು ಸ್ಥಳ ಪಂಚನಾಮೆ ಮಾಡಿದರು. ಬೀಗ ಒಡೆದಿರಲಿಲ್ಲ, ಹಿಂಬಾಗಿಲ ಕೀಲಿ ಹೂಕುಂಡದ ಕೆಳಗೇ ಇತ್ತು. ಗುರುವಾರ ಎರಡರಿಂದ ನಾಲ್ಕರವರೆಗೆ ಯಜಮಾನರು ಡಾಕ್ಟರ ಬಳಿ ಹೋಗುವುದು ವಾಡಿಕೆ. ನಡುಮನೆಯ ಗೋಡೆಯುದ್ದಕ್ಕೂ ಇದ್ದ ಬೆಲೆಬಾಳುವ ವೈನ್ ಬಾಟಲಿಗಳಲ್ಲಿ ಒಂದೂ ಕದಲಿರಲಿಲ್ಲ. ಖಾಲಿಯಾದದ್ದು ಮೂಲೆಯ ಸಣ್ಣ ಕಪಾಟು ಮಾತ್ರ. ಅದರ ಕೆಳಗೆ ಗೇಣಗಲ ನೆಲವನ್ನು ಯಾರೋ ತಿಕ್ಕಿ ಒರೆಸಿದ್ದರು. ಬ್ಲೀಚಿಂಗ್ ಪುಡಿಯ ವಾಸನೆ ಇನ್ನೂ ಹೋಗಿರಲಿಲ್ಲ. ಹಿಂಬಾಗಿಲಲ್ಲಿದ್ದ ಕಡುನೀಲಿ ಕಾಲೊರಸಿನ ಮೇಲೆ ಬಣ್ಣ ಹೋದ ಎರಡು ಬೂಟಿನ ಗುರುತು, ಬೆರಳಿನ ಕಡೆ ಹೊರಗೆ ಮುಖ ಮಾಡಿ.

"ಕದ್ದಿದ್ದಲ್ದೆ ನೆಲ ಒರೆಸಿ, ಕಾಲೂ ತೊಳ್ಕೊಂಡು ಹೋಗಿದಾನೆ ಮೇಡಂ. ಇಂಥ ಕಳ್ಳ ವಾರಕ್ಕೊಂದ್ಸಲ ನಮ್ಮನೇಗೂ ಬರ್ಲಿ," ಎಂದರು ದಫೇದಾರರು.

ಇನ್‌ಸ್ಪೆಕ್ಟರ್ ನಗಲಿಲ್ಲ. ಅವರಿಗೆ ಕಳ್ಳನಿಗಿಂತ ದೂರುದಾರರ ಮೇಲೆಯೇ ಹೆಚ್ಚು ಅನುಮಾನವಿತ್ತು.

"ಇಷ್ಟು ಬಾಟಲಿ ಬಿಟ್ಟು ನಿಮ್ಮ ಪುಡಿ ಒಯ್ದಿದಾನೆ. ಏನದು ಅಂತ ಈಗ ನನಗೆ ಹೇಳ್ತೀರೋ, ನಾಳೆ ಬೇರೆ ಇಲಾಖೆಯವರಿಗೆ ಹೇಳ್ತೀರೋ?"

ಯಜಮಾನರು ಕುರ್ಚಿಯಲ್ಲಿ ಕುಳಿತರು. "ಮಣ್ಣು."

"ಮಣ್ಣಾ?"

"ಹೋದ ತೋಟದಲ್ಲೆಲ್ಲ ಅವಳು ಬಳ್ಳಿಯ ಬುಡದಿಂದ ಒಂದು ಮುಷ್ಟಿ ತಗೊಳ್ತಿದ್ಲು. ವಿಮಾನದಲ್ಲಿ ತರೋ ಹಾಗಿಲ್ಲ, ಗೊತ್ತು. ನನ್ನ ಕಾಲುಚೀಲದಲ್ಲಿ ತುಂಬ್ತಿದ್ಲು. ಸೀಸೆಗೆ ಹಾಕಿ ಚೀಟಿ ಅಂಟಿಸ್ತಿದ್ಲು. ಅವಳ ಕೈಬರಹ ಅಂತ ಈ ಮನೇಲಿ ಉಳ್ದಿದ್ದು ಅಷ್ಟೇ, ಮೇಡಂ." ಅವರು ಖಾಲಿ ಕಪಾಟಿನ ಕಡೆ ತಿರುಗಿದರು. "ಭಾನುವಾರ ತಮ್ಮನ ತೋಟದಲ್ಲಿ, ಒಂದು ಸಾಲಿನ ಬುಡಕ್ಕೆ ಅದನ್ನ ಹಾಕೋದು ಅಂತಿತ್ತು. ಅವಳ ಆಸೆ ಅದು."

ಶುಕ್ರವಾರ ಬೆಳಗ್ಗೆ ಎಂಟಕ್ಕೆ ಜೀಪು ತಮ್ಮನ ದ್ರಾಕ್ಷಿ ತೋಟದ ಗೇಟಿಗೆ ಬಂತು. ಯಜಮಾನರೂ ಜೊತೆಗಿದ್ದರು. ಗೇಟಿನೊಳಗೆ ಅಗಲವಾದ ಒಂದು ತಟ್ಟೆ, ಅದರಲ್ಲಿ ಕೈ ಅದ್ದಿದರೆ ಉರಿಯುವಂಥ ಮದ್ದಿನ ನೀರು. ಪಕ್ಕದಲ್ಲಿ ತೋಟದ ಮೇಸ್ತ್ರಿ ನಿಂತಿದ್ದ. ಐವತ್ತು ದಾಟಿದ, ಬಳ್ಳಿ ಕತ್ತರಿಸಿ ಕತ್ತರಿಸಿ ಬೆರಳು ಸೊಟ್ಟಗಾದ ಮನುಷ್ಯ.

"ಬೂಟು ಅದ್ದಿ ಬನ್ನಿ. ಯಾರಾದ್ರೂ ಸರಿ."

ಪೊಲೀಸರು ಅದ್ದಿದರು. ಯಜಮಾನರು ತಟ್ಟೆಯನ್ನು ಬಳಸಿಕೊಂಡು ನಡೆದರು. "ಹನ್ನೆರಡು ಸೀಮೆ ಮಣ್ಣು ತುಳಿದು ಬಂದವನಯ್ಯಾ ನಾನು. ನನಗೆ ಪಾಠ ಹೇಳ್ಬೇಡ."

ಮೇಸ್ತ್ರಿ ಅವರ ಬೂಟುಗಳನ್ನೇ ನೋಡುತ್ತ ನಿಂತ.

ತೋಟದ ಮಾಲೀಕರಾದ ತಮ್ಮನ ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು.

"ಭಾನುವಾರದ ವಿಷಯ ಯಾರ್ಯಾರಿಗೆ ಗೊತ್ತಿತ್ತು?"

"ತೋಟಕ್ಕೆಲ್ಲ ಗೊತ್ತು. ಅತ್ತಿಗೆ ವಿಷಯ, ಮುಚ್ಚಿಡೋದೇನಿದೆ."

"ಯಾರಾದ್ರೂ ಬೇಡ ಅಂದ್ರಾ?"

"ಮೇಸ್ತ್ರಿ ಗೊಣಗಿದ. ಅವನು ಗೊಣಗದೆ ಇರೋ ದಿನ ಯಾವುದು? ಅಣ್ಣನ ಮನಸ್ಸು ನೋಯಿಸ್ಬೇಡ, ಸುಮ್ನಿರು ಅಂದೆ."

"ಅಣ್ಣನ ಮನೆಗೆ ಅವನು ಹೋಗ್ತಾನಾ?"

"ಹಣ್ಣು ಕೊಡೋಕೆ ಹೋಗ್ತಾನೆ. ಅವರಿಲ್ದಿದ್ರೆ ಕೀಲಿ ತೆಗೆದು ಒಳಗಿಟ್ಟು ಬರ್ತಾನೆ."

ಅಷ್ಟರಲ್ಲಿ ದಫೇದಾರರು ಬಗ್ಗಿ ತಮ್ಮ ಪ್ಯಾಂಟಿನ ಅಂಚನ್ನು ನೋಡಿಕೊಂಡು ಬೈದುಕೊಂಡರು. ಮದ್ದಿನ ನೀರು ಸಿಡಿದಲ್ಲೆಲ್ಲ ಖಾಕಿ ಬಿಳಿಚಿಕೊಂಡಿತ್ತು. "ಹೆಂಡತಿ ಮನೆ ಒಳಗೆ ಸೇರಿಸಲ್ಲ ಮೇಡಂ."

ಇನ್‌ಸ್ಪೆಕ್ಟರ್ ಆ ಕಲೆಯನ್ನು ಒಂದು ಕ್ಷಣ ನೋಡಿದರು. ನಿನ್ನೆಯ ಕಾಲೊರಸು ಕಣ್ಣೆದುರಿಗೆ ಬಂತು. ಕಳ್ಳತನಕ್ಕೆ ಹೋದರೂ ಕೈಕಾಲು ಕಲಿತ ಅಭ್ಯಾಸ ಬಿಡುವುದಿಲ್ಲ.

ಮೇಸ್ತ್ರಿಯ ಮನೆ ಉಗ್ರಾಣದ ಹಿಂದಿತ್ತು, ಒಂದೇ ಕೋಣೆ. ಬಾಗಿಲು ತೆರೆದೇ ಇತ್ತು.

"ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?"

"ಅವರ ಮನೇಲಿ."

"ಯಾಕೆ?"

"ಸೀಸೆ ತರೋಕೆ." ಹೇಳಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮೇಜಿನ ಮೇಲೆ ಹನ್ನೊಂದು ಸೀಸೆ ಸಾಲಾಗಿ ನಿಂತಿದ್ದವು. ಮಣ್ಣು ಅಷ್ಟೂ ಇತ್ತು, ಚೀಟಿಗಳು ಹಾಗೇ ಇದ್ದವು. ಇನ್‌ಸ್ಪೆಕ್ಟರ್ ಒಂದನ್ನು ಎತ್ತಿ ಓದಿದರು: 'ಸುಣ್ಣದ ಗುಡ್ಡ. ಮೂರನೇ ದಿನ. ಇವರಿಗೆ ಕಾಲು ನೋವು, ಒಪ್ಪಿಕೊಳ್ಳುತ್ತಿಲ್ಲ.' ಮತ್ತೊಂದರಲ್ಲಿ: 'ಬೂದಿ ದ್ವೀಪ. ಬಳ್ಳಿಯನ್ನು ಬುಟ್ಟಿಯಂತೆ ಸುತ್ತಿ ಗುಂಡಿಯಲ್ಲಿ ಬೆಳೆಸುತ್ತಾರೆ, ಗಾಳಿ ಅಷ್ಟು.' ಮೂಲೆಯ ಓವನ್ ಇನ್ನೂ ಬಿಸಿಯಾಗಿತ್ತು.

"ಮಣ್ಣು ಬೇಯಿಸಿದ್ಯಾ?"

"ಎರಡೆರಡು ಸೀಸೇದು ಒಟ್ಟಿಗೆ, ಬೇರೆ ಬೇರೆ ಬಟ್ಟಲಲ್ಲಿ, ಎರಡು ಗಂಟೆ. ಶನಿವಾರ ವಾಪಸ್ ಇಡ್ತಿದ್ದೆ. ಅವರಿಗೆ ತಿಳೀದೆ ಇಡ್ಬೇಕು ಅಂತಿದ್ದೆ, ಆಗ್ಲಿಲ್ಲ. ಮಣ್ಣು ಸುಡಲ್ಲ ಮೇಡಂ. ಅದ್ರಲ್ಲಿ ಜೀವ ಇರೋದು ಮಾತ್ರ ಸಾಯುತ್ತೆ."

"ಹನ್ನೆರಡನೇದು?"

ಅವನು ಹಾಸಿಗೆಯ ಕೆಳಗಿನಿಂದ ಮೂರು ಸುತ್ತು ಟೇಪು ಹಾಕಿದ ಸೀಸೆಯನ್ನು ತೆಗೆದ. ಅದರ ಮೇಲೆ ಚೀಟಿ ಇರಲಿಲ್ಲ. ಒಳಗೆ ಹಸಿ ಮಣ್ಣು, ಬೆರಳುದ್ದ ಬೇರು. "ಇದನ್ನ ಮುಟ್ಟಿಲ್ಲ, ಕಪಾಟಿನ ಕೆಳಗೆ ಚೆಲ್ಲಿದ್ದ ಮಣ್ಣು ಮಾತ್ರ ಬ್ಲೀಚಿಂಗ್ ಹಾಕಿ ಒರೆಸಿದೆ. ಕೃಷಿ ಇಲಾಖೆಯವರಿಗೆ ತೋರಿಸೋಣ ಅಂತಿದ್ದೆ. ಕದ್ದು ತಂದಿದ್ದು ಅಂತ ಹೇಗೆ ಹೇಳ್ಲಿ?"

ಮಾಲು ಗುರುತಿಸಲು ಯಜಮಾನರನ್ನು ಕರೆಸಿದರು. ಅವರು ಹನ್ನೊಂದು ಸೀಸೆಗಳನ್ನೂ ಒಂದೊಂದಾಗಿ ಮುಟ್ಟಿದರು. ಹನ್ನೆರಡನೆಯದಕ್ಕೆ ಬಂದಾಗ ಇನ್‌ಸ್ಪೆಕ್ಟರ್ ಮೇಜಿನ ಮೇಲಿದ್ದ ಮೇಸ್ತ್ರಿಯ ಭೂತಗನ್ನಡಿಯನ್ನು ಅವರ ಕೈಗಿಟ್ಟರು. ಗಾಜಿಗೆ ಒತ್ತಿಕೊಂಡ ಬೇರಿನ ಮೇಲೆ ಹಳದಿ ಚುಕ್ಕೆಗಳಿದ್ದವು. ನೋಡುತ್ತ ಇದ್ದರೆ ಒಂದೆರಡು ಮೆಲ್ಲಗೆ ಸರಿಯುತ್ತಿದ್ದವು.

"ಬೇರು ಹೇನು," ಎಂದ ಮೇಸ್ತ್ರಿ. "ಬಳ್ಳಿಯ ಬೇರು ತಿಂದು ಕೊಲ್ಲೋ ಹುಳ. ನಮ್ಮೂರಿಗೆ ಯಾರೋ ತೋಟ ನೋಡೋಕೆ ಬಂದವರ ಬೂಟಲ್ಲಿ ಬಂತು. ಮೂರು ವರ್ಷದಲ್ಲಿ ಕಣಿವೆ ಪೂರ್ತಿ ಹೋಯ್ತು. ಅಪ್ಪ ತಾನು ನೆಟ್ಟ ಬಳ್ಳಿ ತಾನೇ ಕಿತ್ತು ತಾನೇ ಬೆಂಕಿ ಇಟ್ಟ. ಆಮೇಲೆ ಸಾಯೋವರೆಗೂ ಕತ್ತರಿ ಹಿಡೀಲಿಲ್ಲ. ಇಲ್ಲಿ ಇಪ್ಪತ್ತಾರು ವರ್ಷದಿಂದ ಬಂದವರಿಗೆಲ್ಲ ಬೂಟು ಅದ್ದಿ ಅಂತ ಹೇಳಿ ಹೇಳಿ ಗೊಣಗ ಅನ್ನಿಸ್ಕೊಂಡಿದೀನಿ. ಕೇಳಿದ್ದು ಎಷ್ಟು ಜನ?"

ಯಜಮಾನರು ಭೂತಗನ್ನಡಿಯನ್ನು ಕೆಳಗಿಟ್ಟು, "ದೂರು ವಾಪಸ್ ತಗೋತೀನಿ," ಎಂದರು.

"ಎಫ್‌ಐಆರ್ ಆಗಿದೆ. ಇನ್ನೇನಿದ್ರೂ ಕೋರ್ಟಿನಲ್ಲಿ ಹೇಳಿ," ಎಂದರು ಇನ್‌ಸ್ಪೆಕ್ಟರ್. "ನೀವು ಮಣ್ಣು ತಂದ ವಿಷಯಾನೂ ನಾನು ಬರೀಲೇಬೇಕು."

"ಬರೀರಿ."

ಬೆಳಗ್ಗೆ ಹತ್ತೂ ಹತ್ತಕ್ಕೆ ಬಂಧನ, ಮಾಲು ಜಪ್ತಿ. ಹನ್ನೆರಡನೆಯ ಸೀಸೆ ಸೀಲಾಗಿ ಕೃಷಿ ಇಲಾಖೆಯ ಪ್ರಯೋಗಾಲಯಕ್ಕೆ ಹೊರಟಿತು. ಕಾರಣ ಎಂಬ ಕಡೆ ಇನ್‌ಸ್ಪೆಕ್ಟರ್ ಮೊದಲು 'ದುರುದ್ದೇಶ' ಎಂದು ಬರೆದರು. ಅದನ್ನು ಹೊಡೆದುಹಾಕಿ, 'ತಾನು ನೆಡದ ಬಳ್ಳಿಗಳನ್ನು ಉಳಿಸಲು' ಎಂದು ಬರೆದರು.

ಗೇಟಿನ ಬಳಿ ಮೇಸ್ತ್ರಿ ಅಭ್ಯಾಸದಂತೆ ತಟ್ಟೆಯಲ್ಲಿ ಬೂಟು ಅದ್ದಿ ಜೀಪು ಹತ್ತಿದ. ಪೊಲೀಸರೂ ಅದ್ದಿದರು, ದಫೇದಾರರು ಈ ಸಲ ಪ್ಯಾಂಟು ಮಡಚಿಕೊಂಡಿದ್ದರು. ಎಲ್ಲರಿಗಿಂತ ಹಿಂದೆ ಬಂದ ಯಜಮಾನರು ಎರಡೂ ಕಾಲನ್ನು ತಟ್ಟೆಯಲ್ಲಿಟ್ಟು ನಿಂತುಬಿಟ್ಟರು.

"ಮೇಡಂ, ಇವನಿಗೆ ಜಾಮೀನು ಯಾರು ನಿಲ್ಬೇಕು?"

"ಅವನಿಗೆ ಬೇಕಾದವರು ಯಾರಾದ್ರೂ."

"ನಾನು ನಿಲ್ಬಹುದಾ?"

ಜೀಪಿನೊಳಗಿಂದ ಮೇಸ್ತ್ರಿ ಅವರ ಕಾಲುಗಳನ್ನೇ ನೋಡುತ್ತಿದ್ದ. "ಸಾಕು ಬನ್ನಿ, ಸಾರ್," ಎಂದ. "ಬೂಟಿನ ಚರ್ಮ ಹಾಳಾಗುತ್ತೆ."