ಅಂಬಾಸಿಡರಿನ ಬೆಳ್ಳಿ ಗಣಪತಿ

೧೯೭೯ರ ಒಂದು ಮಧ್ಯಾಹ್ನ, ಜಮಖಂಡಿಯ ವಕೀಲ ವಿಠ್ಠಲರಾಯರ ಅಂಗಳದಲ್ಲಿ ಮದುಮಗನಂತೆ ಸಿಂಗಾರಗೊಂಡು ಮಾರಾಟಕ್ಕೆ ನಿಂತಿದ್ದ ಅಂಬಾಸಿಡರ್ ಕಾರಿನಿಂದ ಬೆಳ್ಳಿ ಗಣಪತಿ ಮಾಯವಾಗಿತ್ತು. ಸ್ಟೇರಿಂಗಿನ ಮುಂದೆ ಪುಟ್ಟ ಪೀಠವಷ್ಟೇ ಉಳಿದಿತ್ತು. ಆ ದಿನ ನಾನು ಮಾಡಿದ್ದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

“ಕಳ್ಳ ನೀನೇ ಅದೀಯೋ ಗುರ್ಯಾ!” ಕೋರ್ಟಿನಿಂದ ಬಂದ ರಾಯರು ಗುಡುಗಿದರು. ಗುರಪ್ಪ ಹದಿನೆಂಟು ವರ್ಷದಿಂದ ಅವರ ಡ್ರೈವರು. ಕಾರು ಕೊಳ್ಳಲು ಬಂದಿದ್ದ ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಶಿದ್ರಾಮಪ್ಪ ಅವನನ್ನೂ ಕೆಲಸಕ್ಕೆ ಕರೆದೊಯ್ಯುವ ಮಾತಾಗಿತ್ತು. ಈಗ ಅವರು, “ಗಾಡಿ ಸಾಕ್ರಿ, ಡ್ರೈವರ್ ಬ್ಯಾಡ,” ಎಂದುಬಿಟ್ಟರು.

ಪಕ್ಕದ ಮನೆಯ ಸುಹಾಸಿನಿ ಅಕ್ಕಾರು ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ಊರಿನ ಯಾವ ಗುಟ್ಟೂ ಅವರ ಮುಂದೆ ನಿಲ್ಲುತ್ತಿರಲಿಲ್ಲ. ನಾನು ಬಾಳು, ಅವರ ಶಾಲೆಯ ಗುಮಾಸ್ತ. ಗದ್ದಲ ಕೇಳಿ ಇಬ್ಬರೂ ಓಡಿದೆವು. ಅಕ್ಕಾರು ಬಾಯಿ ತೆರೆಯುವ ಮೊದಲೇ ನಾನು ಗುರಪ್ಪನ ಜೇಬು ತಡಕಿದ್ದೆ. “ಎಲ್ಲಿ ಇಟ್ಟೀಯಲೇ?” ಅಂತ ಜೋರು ಬೇರೆ! ಒಂದು ಬೀಡಿ ಕಟ್ಟು ಸಿಕ್ಕಿತು. ಗುರಪ್ಪ ಕಪ್ಪು ಹತ್ತಿದ ಎರಡೂ ಕೈ ಮೇಲೆತ್ತಿ ಸುಮ್ಮನೆ ನಿಂತಿದ್ದ.

“ಸಾಕು ಬಾಳು, ನಿನ್ನ ಶ್ಯಾಣ್ಯಾತನ,” ಎಂದ ಅಕ್ಕಾರು ಕಾರಿನೊಳಗೆ ಬಗ್ಗಿ ನೋಡಿದರು. ಹೊಸ ಬಿಳಿ ಸೀಟು ಕವರಿನಲ್ಲಿ ಒಂದು ಕಲೆಯೂ ಇರಲಿಲ್ಲ. ಖಾಲಿ ಪೀಠದ ಮೇಲೆ ಕುಂಕುಮ ಹತ್ತಿದ ನಾಲ್ಕು ಅಕ್ಕಿಕಾಳು ಬಿದ್ದಿದ್ದವು.

“ಗುರಪ್ಪ, ಮುಂಜಾನಿಂದ ಏನು ಮಾಡ್ಲಿಕ್ಕತ್ತಿದ್ದಿ?”

“ಬಂಪರಿಗೆ ಸೀಮೆಎಣ್ಣಿ, ಗಾಲಿಗೆ ಕರೇ ಬಣ್ಣ ಹಚ್ಚಾಕತ್ತಿದ್ನಿರಿ. ಕೈ ತೊಳಿಯಾಕೂ ಪುರಸೊತ್ತ ಆಗಿಲ್ರಿ.”

“ನಾ ಕೋರ್ಟಿಗೆ ಹೋಗುವಾಗ ಕವರು ಹಾಕಿ ಆಗಿತ್ತು. ಗಣಪತಿ ಅಲ್ಲೇ ಇದ್ದ,” ಎಂದರು ರಾಯರು.

ಅಕ್ಕಾರು ಎಲ್ಲರನ್ನೂ ಪಡಸಾಲೆಗೆ ಕರೆದರು. ರಾಯರ ಹೆಂಡತಿ ಕೃಷ್ಣಾಬಾಯಿ ಒಳಬಾಗಿಲಲ್ಲಿ ನಿಂತರು.

“ಗುರಪ್ಪ ಈ ಕೈಲೆ ಒಳಗ ಬಗ್ಗಿದ್ರ ಬಿಳಿ ಕವರಿಗೆ ಕಪ್ಪು ಹತ್ತತಿತ್ತು. ಹತ್ತಿಲ್ಲ. ಇನ್ನ, ಕಳ್ಳ ಅಕ್ಷತಿ ಹಾಕಿ ಕಳವು ಮಾಡ್ತಾನೇನು? ದೇವರನ್ನ ಕದಲಿಸೋಕಿಂತ ಮೊದಲ ಅಕ್ಷತಿ ಹಾಕಿ ಅಪ್ಪಣಿ ಕೇಳೋದು ಪೂಜಿ ಮಾಡೋರ ಪದ್ಧತಿ. ರಾಯರು ಕೋರ್ಟಿನಾಗ ಇದ್ರು. ಮನ್ಯಾಗ ಉಳದವರು ಒಬ್ಬರೇ.”

ಕೃಷ್ಣಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. “ಪೂಜಿ ಮಾಡಿದ ದೇವರನ್ನ ಗಾಡಿ ಜೋಡಿ ಮಾರಬಾರದಂತ ತಗದು ದೇವರ ಮನ್ಯಾಗ ಇಟ್ಟೆ. ಬಂದವರ ಮುಂದ ಇವರು ಗುರಪ್ಪನ್ನ ಕಳ್ಳ ಅಂದುಬಿಟ್ರು. ಇವರ ಮಾತು ಸುಳ್ಳ ಮಾಡಲಿಕ್ಕೆ ನನಗ ಧೈರ್ಯ ಆಗಲಿಲ್ಲ.”

ರಾಯರು ಇಂಗು ತಿಂದ ಮಂಗನಂತಾದರು. ನನಗಂತೂ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

ಶಿದ್ರಾಮಪ್ಪ ಎದ್ದು, “ನನ್ನಿಂದ ತಪ್ಪಾತು ಗುರಪ್ಪ. ನಡಿ, ಗಾಡಿ ತಗಿ,” ಎಂದರು.

ಗುರಪ್ಪ ಕದಲಲಿಲ್ಲ. “ತಾಯಾರು ಅಕ್ಷತಿ ಹಾಕಿದ್ದು ನಾ ಕಂಡಿದ್ನಿರಿ.”

“ಮತ್ತ ಹೇಳಬಾರದಾಗಿತ್ತೇನೋ?” ರಾಯರ ದನಿ ಒಡೆದಿತ್ತು.

“ತಾಯಾರೇ ಹೇಳ್ತಾರಂತ ಕಾಯ್ಕೋಂತ ನಿಂತಿದ್ನಿರಿ.”

ಕೃಷ್ಣಾಬಾಯಿ ಒಳಗೆ ಹೋದರು. ಗುರಪ್ಪ ಗಾಡಿ ತೆಗೆದು ಹೊರಡುವವರೆಗೂ ಹೊರಗೆ ಬರಲಿಲ್ಲ.