ಅಸಿಂಧು ಎಂಬ ಮಾತು

ಹೊಗೆಗೆ ಹಾಕಿದ ರಬ್ಬರ್ ಶೀಟಿನ ಆ ಹುಳಿ ವಾಸನೆ! ಅಪ್ಪನ ಅಂಗಿಯಲ್ಲಿ, ಮಲಗುವ ಚಾಪೆಯಲ್ಲಿ, ತಮ್ಮನ ತಲೆಗೂದಲಲ್ಲಿ... ಸೇವಂತಿಯ ಬಾಲ್ಯವೆಲ್ಲ ಆ ವಾಸನೆಯೇ. ಸುಳ್ಯದಿಂದ ಬಂದ ತಮ್ಮ ವೆಂಕಟ್ರಮಣ ಅದೇ ವಾಸನೆ ಹೊತ್ತು ಪಕ್ಕದಲ್ಲಿ ಕುಳಿತಾಗ ಆಕೆಗೆ ಅರ್ಧ ಧೈರ್ಯ ಬಂದಿತು. ಒಳಗೆ ಸೊಸೆ ಭವಿತಾ ಫೋನಿನಲ್ಲಿ ಪಿಸುಗುಡುತ್ತಿದ್ದಳು.

"ಕೇಳಿತಾ ಅಕ್ಕ? ಹೋಟೆಲು ಮಾರುವ ಮಾತೇ ಅದು!"

ಗುಂಡ್ಯದ ಹೆದ್ದಾರಿ ಬದಿಯ ಪುಟ್ಟ ಹೋಟೆಲು, ಹಿಂದೆ ಎರಡು ಕೋಣೆ. ಮಗ ಮೋಕ್ಷಿತ್ ತೀರಿಕೊಂಡ ವರ್ಷ, ತನ್ನನ್ನು ಕೊನೆಯವರೆಗೆ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ, ಸೇವಂತಿ ಅದನ್ನು ಸೊಸೆಗೆ ದಾನಪತ್ರ ಬರೆದುಕೊಟ್ಟಿದ್ದಳು. ಮೊನ್ನೆ ಯಾರೋ ಬಂದು ಟೇಪು ಹಿಡಿದು ಜಾಗ ಅಳೆದು ಹೋಗಿದ್ದರು. ಕೇಳಿದರೆ, "ಎಂತ ಇಲ್ಲ ಅತ್ತೆ, ಸುಮ್ಮನೆ" ಎಂದಿದ್ದಳು ಭವಿತಾ. ಸುಮ್ಮನೆ ಯಾರಾದರೂ ಅಳೆಯುತ್ತಾರೆಯೇ?

"ಹೆದರುದು ಬೇಡ. ಪತ್ರವನ್ನು ಅಸಿಂಧು ಮಾಡಿಸುವ."

"ಅದೆಂತ ಮಾರಾಯ, ಕಾಯಿಲೆಯ ಹೆಸರಿನ ಹಾಗೆ ಉಂಟು?"

"ಕಾನೂನಿನ ಮಾತು. ನಿನಗೆ ಅರ್ಥ ಆಗುದಿಲ್ಲ. ಸಹಿ ಹಾಕು."

ಸೇವಂತಿ ಅರ್ಜಿಗೆ ಸಹಿ ಹಾಕಿದಳು. ವಿಚಾರಣೆಯ ದಿನ ಪುತ್ತೂರಿಗೆ ಹೋಗುವ ಬಸ್ಸಿನಲ್ಲಿ ತಮ್ಮ ಕಿವಿಯ ಹತ್ತಿರ ಬಗ್ಗಿದ. "ಅದು ಅಸಿಂಧು ಆದ ಕೂಡಲೇ ನನ್ನ ಹುಡುಗನ ಹೆಸರಿಗೆ ಬರೆದುಬಿಡು ಅಕ್ಕ." ಸೇವಂತಿ ಸರಿದು ಕುಳಿತಳು. ಹಾಗಾದರೆ ಇವನೂ...?

ಹಿರಿಯರ ದೂರು ಕೇಳುವ ಸಹಾಯಕ ಕಮಿಷನರರ ಕಚೇರಿಯ ಬೆಂಚು ತುಂಬಿತ್ತು. ಮೊದಲೇ ಬಂದಿದ್ದ ಭವಿತಾ ಅತ್ತೆಯನ್ನು ಕಂಡು ಎದ್ದು, ಜಾಗ ಬಿಟ್ಟು, ಕಿಟಕಿಯ ಬಳಿ ನಿಂತಳು.

"ಅಮ್ಮ, ಅಸಿಂಧು ಅಂದ್ರೆ ಎಂತ ಅಂತ ಗೊತ್ತುಂಟಾ?" ಅಧಿಕಾರಿ ಕೇಳಿದರು.

"ರದ್ದು ಮಾಡುದು ಅಲ್ವಾ?"

"ಇವತ್ತಿನಿಂದ ನಿಲ್ಲಿಸುದು ಅಂತ ಅಲ್ಲ. ಕಾನೂನಿನ ಕಣ್ಣಿಗೆ ಆ ಪತ್ರ ಇರಲೇ ಇಲ್ಲ ಅಂತ ಆಗ್ತದೆ. ಅದಕ್ಕೆ ಮನಸ್ಸು ಬದಲಾಯ್ತು ಅಂದ್ರೆ ಸಾಲದು. ಸೊಸೆ ನಿಮ್ಮನ್ನು ನೋಡಿಕೊಳ್ಳಲಿಲ್ಲ ಅಂತ ನೀವು ಹೇಳಬೇಕು. ಹೇಳ್ತೀರಾ?"

ಸೇವಂತಿ ಕಿಟಕಿಯ ಬಳಿಯ ಸೊಸೆಯತ್ತ ತಿರುಗಿದಳು. ಸೊಂಟ ಮುರಿದು ಮಲಗಿದ್ದಾಗ ಬೆಡ್‌ಪ್ಯಾನ್ ತೆಗೆದವಳು ಇವಳೇ. ಅತ್ತೆಗೆ ನಾಚಿಕೆಯಾಗಬಾರದೆಂದು ಕಿಟಕಿಯಾಚೆ ಇಲ್ಲದ ಹಕ್ಕಿಯನ್ನು ತೋರಿಸುತ್ತಿದ್ದವಳು! ಅದೂ ಇರಲೇ ಇಲ್ಲ ಎನ್ನುವುದೇ?

"ಸಂಶಯ ಉಂಟು ಸ್ವಾಮಿ... ತುಂಬಾ ಉಂಟು. ಆದ್ರೆ ನೋಡಿಕೊಳ್ಳಲಿಲ್ಲ ಅಂತ ಹೇಳ್ಲಿಕ್ಕೆ ನಾಲಗೆ ಏಳುದಿಲ್ಲ. ಅರ್ಜಿ ಬೇಡ."

"ಅಕ್ಕ! ಬೀದಿಗೆ ಬೀಳ್ತಿ ನೀನು!"

"ಬೀಳ್ತೇನೆ. ನಿನ್ನ ಹುಡುಗ ಎತ್ತುದು ಬೇಡ."

ವೆಂಕಟ್ರಮಣ ಕೊಡೆ ಬಡಿಯುತ್ತಾ ಹೊರಟುಹೋದ. ಕಚೇರಿಯ ಜಗಲಿಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು.

"ಈಗ ಸತ್ಯ ಹೇಳು. ಮಾರ್ತೀಯಾ?"

"ಮಾರ್ತೇನೆ ಅತ್ತೆ." ಭವಿತಾಳ ಕಣ್ಣು ತುಂಬಿತು. "ಹೊಸ ರಸ್ತೆ ಆದ ಮೇಲೆ ಬಸ್ಸು ನಿಲ್ಲುದಿಲ್ಲ. ಮಾಡಿದ ಪಲ್ಯ ಸಂಜೆಗೆ ಚೆಲ್ಲುದು. ಕುಂಬ್ರದಲ್ಲಿ ನಮಗಿಬ್ಬರಿಗೆ ಅಂತ ಅಂಗಡಿಯೂ ಮನೆಯೂ ನೋಡಿದ್ದೇನೆ. ಇವರು ಓಡಾಡಿದ ಜಾಗ ಬಿಡುವ ಅಂತ ನಿಮ್ಮ ಹತ್ರ ಹೇಳ್ಲಿಕ್ಕೆ... ಬಾಯಿ ಬರ್ಲಿಲ್ಲ."

ನಿಜವೋ, ಈಗ ಹೊಳೆದ ಮಾತೋ? ಸೇವಂತಿ ಸೊಸೆಯ ಮುಖವನ್ನೇ ದಿಟ್ಟಿಸಿದಳು. ಮಗ ಕುಳಿತು ಚಿಲ್ಲರೆ ಕೊಡುತ್ತಿದ್ದ ಮೇಜು, ಆ ಗೋಡೆ, ಆ ಬಾಗಿಲು... ಎಲ್ಲವೂ ಪರರ ಪಾಲು!

"ಹೇಳಬೇಕಿತ್ತು ಮಗಾ" ಎಂದಳು ಕೊನೆಗೆ. "ಅಳುದಕ್ಕಾದ್ರೂ ಇಬ್ಬರು ಆಗ್ತಿದ್ದೆವು."

ಭವಿತಾ ಸೆರಗಿನಿಂದ ಕಣ್ಣೊರೆಸಿಕೊಂಡು ಚೀಲಕ್ಕೆ ಕೈ ಹಾಕಿದಳು. ತನ್ನ ಮೇಲೆ ದೂರು ಹೇಳಲು ಹೊರಟ ಅತ್ತೆಗೆಂದು ಬೆಳಿಗ್ಗೆಯೇ ಕಟ್ಟಿದ್ದ ಕುಚ್ಚಿಲಕ್ಕಿ ಅನ್ನ, ರಕ್ತದೊತ್ತಡಕ್ಕೆಂದು ಉಪ್ಪು ಕಡಿಮೆ ಹಾಕಿದ ಹುರುಳಿ ಚಟ್ನಿ. ಬಾಳೆಲೆಯ ಕಟ್ಟನ್ನು ಬಿಚ್ಚಿ ಅತ್ತೆಯ ಕೈಗಿತ್ತಳು.